ಅಕ್ಕಾವ್ರ ಕೈಯಲ್ಲಿ ಏನಿತ್ತು?

ಹೋದ ತಿಂಗಳ ಕೊನೆಯ ದಿನ ನಮ್ಮ ಆಸ್ಪತ್ರೆಯ ಮೂರನೆಯ ಮಹಡಿಯ ಫ್ಲೋರ್ ಮ್ಯಾನೇಜರ್ ನಿವೃತ್ತರಾದರು. ಶಾಲು ಹೊದಿಸಿದರು, ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು, ಎಲ್ಲರಿಗೂ ಕುಂದಾ ಮತ್ತು ಚೂಡಾ ಹಂಚಿದರು. ಮಾತನಾಡಲು ಎದ್ದವರೆಲ್ಲ ಸುತ್ತಿಬಳಸಿ ಒಂದೇ ಮಾತಿಗೆ ಬಂದರು: ಎಂಥ ಧೈರ್ಯದ ಹೆಣ್ಣುಮಗಳು! ದೊಡ್ಡ ಡಾಕ್ಟರು ಹೊಗೆಯ ಕಥೆಯನ್ನೂ ಹೇಳಿದರು. ಒಮ್ಮೆ ಎಸಿ ಸುಟ್ಟು ಮೂರನೆಯ ಮಹಡಿಯೆಲ್ಲ ಹೊಗೆ ತುಂಬಿಕೊಂಡಾಗ ಈ ಸಿಸ್ಟರ್ ಒಬ್ಬರೇ ಮೇಲೆ ಹೋಗಿ, ಎದ್ದು ನಡೆಯಲಾಗದ ಅಜ್ಜನೊಬ್ಬನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ರ್‍ಯಾಂಪಿನ ಮೇಲಿಂದ ಇಳಿಸಿಕೊಂಡು ಬಂದರಂತೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೆ.

ಡಾಕ್ಟರು ಹೇಳಿದ್ದು ಅರ್ಧ ಕಥೆ. ನಾನು ಕೆಳಗಿನ ಬಿಲ್ಲಿಂಗ್ ಕೌಂಟರಿನವನು, ಗೇಟಿಗೆ ಎದುರಾಗಿ ಕೂರುವವನು. ಅವತ್ತು ಗಂಟೆ ಬಾರಿಸಿದ ಕೂಡಲೇ ಇಡೀ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಓಡಿದವರು ಇದೇ ಅಕ್ಕಾವ್ರು. ಚಪ್ಪಲಿ ಮೆಟ್ಟಿಲ ಮೇಲೇ ಬಿಟ್ಟು, ರಸ್ತೆ ದಾಟಿ, ಚಹಾದ ಅಂಗಡಿಯ ಕಂಬಕ್ಕೆ ಆತು ನಿಂತಿದ್ದರು. ನಾನು ನೋಡುತ್ತಿದ್ದಂತೆ ಅವರ ಮುಖ ಒಮ್ಮೆಲೇ ಕಪ್ಪಿಟ್ಟಿತು. ಮೇಲೆ ಯಾರೋ ಉಳಿದದ್ದು ನೆನಪಾಗಿರಬೇಕು. "ನಾ ಒಲ್ಲೆ, ನಾ ಒಲ್ಲೆ" ಎಂದು ಗಟ್ಟಿಯಾಗಿ ಅಳುತ್ತಲೇ ರಸ್ತೆ ದಾಟಿ ವಾಪಸು ಬಂದರು, ನಾ ಒಲ್ಲೆ ಎನ್ನುತ್ತಲೇ ಮೆಟ್ಟಿಲು ಹತ್ತಿದರು, ಅಜ್ಜನನ್ನು ಇಳಿಸುವವರೆಗೂ ಅದೇ ಮಾತು. ಓಡಿ ಹೋದದ್ದೂ ಖರೇ, ತಿರುಗಿ ಬಂದದ್ದೂ ಖರೇ. ಅವರಷ್ಟು ಅಂಜುಬುರುಕ ಮನುಷ್ಯರನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಅವರ ಮೇಲೆ ನನಗಿರುವ ಗೌರವಕ್ಕೆ ಅದೇ ಕಾರಣ, ಆದರೆ ಸಮಾರಂಭದಲ್ಲಿ ಎದ್ದು ನಿಂತು ಇದನ್ನು ಹೇಳುವುದು ಹೇಗೆ?

ಹುಟ್ಟಿದ್ದು ನಂದಗಡ, ಕೊಟ್ಟದ್ದು ಖಾನಾಪುರಕ್ಕೆ. ದಿನಾ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿ ಬೆಳಗಾವಿಗೆ ಬರುತ್ತಿದ್ದರು. ನಾನು ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಅವರಿಗೆ 'ತಮ್ಮಾ' ಆಗಿದ್ದೆ, ಅವರು ನನಗೆ 'ಅಕ್ಕಾವ್ರು'. ಎತ್ತರದ ಆಳು, ಅಗಲ ಹಣೆ, ಅದರ ತುಂಬ ಮೂರೆಳೆ ವಿಭೂತಿ. ನೋಡಿದವರು ಬಲು ಗಟ್ಟಿಗಿತ್ತಿ ಎಂದೇ ತಿಳಿಯಬೇಕು. ಲಿಫ್ಟ್ ಹತ್ತುತ್ತಿರಲಿಲ್ಲ, ಬಾಗಿಲು ತೆರೆಯದಿದ್ದರೆ ಎಂದು. ನಾಯಿ, ಹಲ್ಲಿ, ಸಿಡಿಲು, ಆಡಳಿತ ಕಚೇರಿಯಿಂದ ಬರುವ ಫೋನು, ಎಲ್ಲದಕ್ಕೂ ಅಂಜಿಕೆ. ಒಮ್ಮೆ ರವಿವಾರ ಪೇಟೆಯಲ್ಲಿ ಬೇಳೆ ಕೊಳ್ಳಲು ಹೋದವರು ತಳ್ಳುಗಾಡಿ ಮತ್ತು ಹಮಾಲರ ನಡುವೆ ರಸ್ತೆ ದಾಟಲಾಗದೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಸೆರಗು ಹಿಡಿದು ಆಚೆ ಹೋಗಿದ್ದರು. ಮರುದಿನ ಅದನ್ನು ತಾವೇ ಹೇಳಿ ನಕ್ಕರು. ಇಂಗ್ಲಿಷಿನ 'ಕೈಂಡ್ಲಿ' ಎಂಬ ಶಬ್ದ ಕಂಡರಂತೂ ಎದೆ ಡವಡವ. ಆಫೀಸಿನ ಮೇಲ್ ತೆರೆದು ಮೊಬೈಲು ನನ್ನ ಕೌಂಟರಿನೊಳಗೆ ತುರುಕಿ, "ತಮ್ಮಾ, ಕೈಂಡ್ಲಿ ಅಂತ ಚಾಲೂ ಆಗೇತಿ, ಇನ್ನ ಏನ್ ಗತಿನೋ?" ಎನ್ನುತ್ತಿದ್ದರು. ಒಳಗೆ ನೋಡಿದರೆ ನೀರಿನ ಟ್ಯಾಂಕು ತೊಳೆಯುವ ವಿಷಯ ಇರುತ್ತಿತ್ತು.

ಅಂಜಿದಾಗ ಅವರ ಎಡಗೈ ತಾನಾಗಿ ಎದೆಗೆ ಹೋಗುತ್ತಿತ್ತು. ಕೊರಳಿನ ದಾರಕ್ಕೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಇಷ್ಟಲಿಂಗ ಸಮವಸ್ತ್ರದ ಒಳಗೆ ಇರುತ್ತಿತ್ತು. ಅದನ್ನು ಬಟ್ಟೆಯ ಸಮೇತ ಅಂಗೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ತುಟಿಯಲ್ಲೇ ಏನೋ ಅಂದುಕೊಂಡು ಒಳಗೆ ಬಿಡುವರು. ಮುಗಿದ ಮೇಲೆ ಸೂಜಿ ಚುಚ್ಚಬೇಕಿದ್ದರೆ ಚುಚ್ಚುವರು, ಹೆಣಕ್ಕೆ ಬಟ್ಟೆ ಹೊದಿಸಬೇಕಿದ್ದರೆ ಹೊದಿಸುವರು. ಕೈ ನಡುಗುತ್ತಿರಲಿಲ್ಲ. ನಮಗೆ ಯಾರಿಗೂ ಇದು ವಿಶೇಷ ಅನ್ನಿಸಿರಲಿಲ್ಲ. ನಮ್ಮ ಊರಲ್ಲಿ ಇದನ್ನು ಯಾರು ತಿರುಗಿ ನೋಡುತ್ತಾರೆ?

ಕೊರೊನಾ ಕಳೆದ ಮೇಲೆ ಆಸ್ಪತ್ರೆಗೆ ಹೊಸ ಆಡಳಿತ ಬಂತು. ಪ್ರತಿ ಮಹಡಿಗೊಬ್ಬ ಮ್ಯಾನೇಜರ್, ಅವರಿಗೆ ಆಸ್ಪತ್ರೆ ಆಡಳಿತದ ಪದವಿ ಇರಲೇಬೇಕು ಎಂದರು. ಮೂರನೆಯ ಮಹಡಿಯನ್ನು ಹೆಸರಿಲ್ಲದೆ, ಹುದ್ದೆಯಿಲ್ಲದೆ ವರ್ಷಗಟ್ಟಲೆ ನೋಡಿಕೊಂಡು ಬಂದವರು ಅಕ್ಕಾವ್ರು. ಅವರ ಹತ್ತಿರ ಇದ್ದದ್ದು ನರ್ಸಿಂಗ್ ಡಿಪ್ಲೊಮಾ ಮಾತ್ರ. ಪದವಿ ಮುಗಿಸಿದರೆ ಹುದ್ದೆ ನಿಮಗೇ, ಅಲ್ಲಿಯವರೆಗೆ ಕಾಯುತ್ತೇವೆ, ಇಲ್ಲವಾದರೆ ಮತ್ತೆ ಎಲ್ಲರ ಹಾಗೆ ಪಾಳಿಯ ಮೇಲೆ ರಾತ್ರಿ ಡ್ಯೂಟಿಗೆ ಬರಬೇಕು ಎಂದು ಖಡಾಖಂಡಿತವಾಗಿ ಹೇಳಿದರು. ಅವರ ವಯಸ್ಸಿಗೆ, ಅವರ ಮೊಣಕಾಲಿಗೆ, ಖಾನಾಪುರದಿಂದ ರಾತ್ರಿ ಪಾಳಿ ಎಂದರೆ ಕೆಲಸ ಬಿಡುವುದೇ ಸರಿ. ಜೊತೆಗೆ, ತಾವೇ ಕೈ ಹಿಡಿದು ಕೆಲಸ ಕಲಿಸಿದ ಹುಡುಗಿಯರ ಕೈಕೆಳಗೆ ನಿಲ್ಲಬೇಕು.

"ಓದತೀನಿ ತಮ್ಮಾ. ಅಂಜಿಕಿ ಭಾಳ ಐತಿ, ಆದ್ರೂ ಓದತೀನಿ" ಎಂದರು. ಹಾಗೆ ಆನ್‌ಲೈನ್ ಪದವಿಗೆ ಹೆಸರು ಹಚ್ಚಿದರು.

ಅವರ ತರಗತಿ ಬಸ್ಸಿನಲ್ಲೇ ನಡೆಯುತ್ತಿತ್ತು. ಕಿವಿಯಲ್ಲಿ ಇಯರ್‌ಫೋನು, ಮಡಿಲಲ್ಲಿ ಊಟದ ಡಬ್ಬಿ, ಅದಕ್ಕೆ ಆನಿಸಿದ ಮೊಬೈಲಿನಲ್ಲಿ ಯಾರೋ ಮಾಸ್ತರರು ಲಾಭ ನಷ್ಟ ಹೇಳುತ್ತಿರುವರು. ದಾರಿಯಲ್ಲಿ ನೆಟ್‌ವರ್ಕ್ ಹೋಗುವ ಜಾಗಗಳು ಅವರಿಗೆ ಬಾಯಿಪಾಠ. ಅಲ್ಲಿಗೆ ಬಂದಾಗ ಮಾಸ್ತರರ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತಂತೆ, ಇವರಿಗೆ ಹಾಜರಿ ತಪ್ಪಿತೆಂದು ಜೀವ ಹೋದಷ್ಟು ಭಯ. ಮನೆಗೆ ಹೋಗಿ ಅದೇ ಪಾಠವನ್ನು ಮತ್ತೆ ಮೊದಲಿಂದ ಕೇಳುವರು. ಅಂಜುಬುರುಕರಿಗೆ ಇದೊಂದು ಲಾಭವಿದೆ. ನಮ್ಮಂಥವರು ಒಮ್ಮೆ ಓದಿ ತಿಳಿಯಿತೆಂದು ಮಡಚಿಡುವುದನ್ನು ಅವರು ಇನ್ನೂ ತಿಳಿದಿಲ್ಲವೇನೋ ಎಂದು ಮತ್ತೆ ಮತ್ತೆ ಓದುತ್ತಾರೆ. ಹಾಗಾಗಿ ಒಂದೊಂದೇ ಸೆಮಿಸ್ಟರ್ ದಾಟಿ ಕಡೆಯ ಪರೀಕ್ಷೆಯವರೆಗೂ ಬಂದರು. ಅಲ್ಲಿಯವರೆಗಿನ ಪರೀಕ್ಷೆಗಳೆಲ್ಲ ಹುಬ್ಬಳ್ಳಿಯ ಕೇಂದ್ರವೊಂದರಲ್ಲಿ, ನೂರು ಜನರ ನಡುವೆ ಆಗಿದ್ದವು. ಕಡೆಯ ಸೆಮಿಸ್ಟರಿಗೆ ಮನೆಯಲ್ಲೇ ಕೂತು ಬರೆಯಬಹುದು, ಕ್ಯಾಮರಾ ನಿಮ್ಮನ್ನು ಕಾಯುತ್ತದೆ ಎಂದು ನಿಯಮ ಬದಲಾಯಿತು. ನಾನು ಸಂತೋಷಪಟ್ಟೆ. ಅಕ್ಕಾವ್ರ ಮುಖ ಬಿಳಿಚಿಕೊಂಡಿತು.

"ಮನಶ್ಯಾ ಕಾಯಾಕ್ಹತ್ತಿದ್ರ ಅಂವನ ಮಾರಿ ನೋಡಿ ತಿಳಕೋಬೌದೋ. ಇದು ಏನ್ ನೋಡತೈತಿ, ಏನ್ ತಿಳಕೋತೈತಿ, ನಮಗ ಹೆಂಗ ಗೊತ್ತಾಗಬೇಕು?"

ಖಾನಾಪುರದಲ್ಲಿ ಮಳೆ ಹಿಡಿದರೆ ಕರೆಂಟಿನ ಖಾತ್ರಿಯಿಲ್ಲ. ಅದಕ್ಕೆ ಸದಾಶಿವನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬರೆಯುವುದೆಂದು ಗೊತ್ತುಮಾಡಿದೆವು. ಮೊದಲು ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಗೋಡೆ, ಮೇಜಿನ ಅಡಿ, ಬಾಗಿಲ ಹಿಂದೆ ಎಲ್ಲ ತೋರಿಸಬೇಕು. ಬೇರೆ ಯಾರ ಮುಖವೂ ಕಾಣಬಾರದು. ಗೋಡೆಯ ಮೇಲಿದ್ದ ನಮ್ಮ ತಂದೆಯವರ ಫೋಟೋವನ್ನು ಕ್ಯಾಮರಾ ಎರಡನೆಯ ಮನುಷ್ಯ ಎಂದು ಹಿಡಿಯಿತು. "ಮಾವನಾರನ್ನ ಪೇಪರ್ ಮುಗಿಯೂತನಕಾ ಅಡಗಿಮನ್ಯಾಗ ಕುಂದರಸ್ರಿ" ಎಂದಳು ನನ್ನ ಹೆಂಡತಿ. ಹಾರದ ಸಮೇತ ಅವರು ಉಪ್ಪಿನ ಡಬ್ಬಿಯ ಪಕ್ಕ ಹೋಗಿ ಕುಳಿತರು. ಕುಕ್ಕರ್ ಇಡಲಿಲ್ಲ, ಟಿವಿ ಹಚ್ಚಲಿಲ್ಲ. ಬಾಗಿಲು ಮುಚ್ಚುವಾಗ ಅಕ್ಕಾವ್ರ ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು. ಕ್ಯಾಮರಾದ ಬಾಜೂಕ ಒಂದು ಸಣ್ಣ ಹಸಿರು ದೀಪ ಹತ್ತಿಕೊಂಡಿತು.

ಮೂರು ಪೇಪರ್ ಸುಸೂತ್ರವಾಗಿ ಆದವು. ನಾಲ್ಕನೆಯದು ಕಾನೂನಿನದು. ಬರೆದು ಹೊರಗೆ ಬಂದು, "ಒಂದು ಪ್ರಶ್ನಿ ನೋಡಿ ಎದಿ ಒಡದಿತ್ತು, ಆದ್ರ ಆಮ್ಯಾಲ ನೆನಪಾತು" ಎಂದು ನಕ್ಕು, ನನ್ನ ಹೆಂಡತಿ ಕೊಟ್ಟ ಅವಲಕ್ಕಿ ತಿಂದು ಹೋದರು. ಅದೇ ವಾರ ಮೇಲ್ ಬಂತು. ಈ ಸಲ ಅವರು ಮೊಬೈಲು ತುರುಕಲಿಲ್ಲ, ನನ್ನ ಮುಂದಿಟ್ಟು ಬೆಂಚಿನ ಮೇಲೆ ಕೂತರು. ಓದಿದೆ. ಪರೀಕ್ಷೆಯಲ್ಲಿ ನಕಲು ಮಾಡಿದ ಸಂಶಯದ ಮೇಲೆ ಫಲಿತಾಂಶ ತಡೆಹಿಡಿಯಲಾಗಿದೆ. ಕೆಳಗೆ ಒಂದು ಚಿತ್ರ. ಅಕ್ಕಾವ್ರು ತಲೆ ಬಗ್ಗಿಸಿದ್ದಾರೆ, ಎಡ ಅಂಗೈಯಲ್ಲಿ ಬಿಳಿಯದೇನೋ ಇದೆ, ತುಟಿ ತೆರೆದಿದೆ. ಪಕ್ಕದಲ್ಲಿ ಬರೆದಿತ್ತು: ಕೈಯಲ್ಲಿ ಕಾಗದ, ಹೊರಗಿನವರೊಡನೆ ಮಾತು.

ಹೊರಗಿನವರು ಎಂದರೆ ನಾನೇ ತಾನೇ? ಮನೆ ನನ್ನದು, ನೆಟ್ ನನ್ನ ಹೆಸರಿನದು. ಸುಳ್ಳು ಯಾಕೆ ಹೇಳಲಿ, ನಾನೂ ಅಂಜಿದೆ. ಆಡಳಿತದವರಿಗೆ ಸುದ್ದಿ ಮುಟ್ಟಿದರೆ ಇಬ್ಬರ ಕೆಲಸಕ್ಕೂ ಕುತ್ತು. ನಾಲ್ಕು ಮಂದಿಗೆ ಗೊತ್ತಾದರೆ, ಆಯುಷ್ಯವಿಡೀ ಒಂದು ಮಾತ್ರೆ ಅತ್ತಿತ್ತ ಮಾಡದ ಹೆಣ್ಣುಮಗಳು ಚೀಟಿ ಇಟ್ಟು ಪಾಸಾಗಲು ಹೊರಟಳಂತೆ ಎಂದು ಮಹಡಿಯಿಂದ ಮಹಡಿಗೆ ಹಬ್ಬುತ್ತದೆ. ಅವರು ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ. ಡ್ಯೂಟಿಯಲ್ಲಿ ಎದೆಯ ಹತ್ತಿರ ಹೋದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆಳೆದು ಸುತ್ತಮುತ್ತ ನೋಡುವರು. ವಾರ್ಡಿನ ಸಿಸಿ ಕ್ಯಾಮರಾ ಅಷ್ಟು ವರ್ಷ ಅಲ್ಲೇ ಇತ್ತು, ಅವರಿಗೆ ಅದು ಈಗ ಕಾಣತೊಡಗಿತ್ತು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ವಿಚಾರಣೆಯೂ ಆನ್‌ಲೈನ್. ಭಾಷೆಯ ಸಹಾಯಕ್ಕೆ ಒಬ್ಬರು ಜೊತೆಗಿರಬಹುದು ಎಂದಿದ್ದರು, ನಾನು ಕೂತೆ. ಪರದೆಯ ಮೇಲೆ ಮೂವರು, ಎಲ್ಲೋ ಉತ್ತರದ ಕಡೆಯವರು. ದುಷ್ಟರೇನಲ್ಲ. ಸಮಾಧಾನದಿಂದಲೇ ಕೇಳಿದರು, ಕೈಯಲ್ಲಿ ಇದ್ದದ್ದು ಏನು ಎಂದು. ನನ್ನ ಹರಕು ಮುರುಕು ಹಿಂದಿಯಲ್ಲಿ ಇಷ್ಟಲಿಂಗ ಎಂದರೆ ಏನು ಎಂದು ವಿವರಿಸಿದೆ. ಹುಟ್ಟಿದಾಗಿನಿಂದ ಮೈಮೇಲೆ ಇರುವುದು, ತೆಗೆದಿಡುವ ಹಾಗಿಲ್ಲ, ಅಂಜಿಕೆಯಾದಾಗ ಹಿಡಿದುಕೊಳ್ಳುತ್ತಾರೆ ಎಂದೆ. ಅವರು ತಮ್ಮತಮ್ಮಲ್ಲೇ ಮಾತನಾಡಿಕೊಂಡರು. ನಡುವೆ ಕೂತಿದ್ದವರು ಹೇಳಿದರು: ಸರಿ, ನಂಬುತ್ತೇವೆ. ಆ ಬಟ್ಟೆಯನ್ನು ಬಿಚ್ಚಿ, ಒಳಗೆ ಹೊರಗೆ ಎರಡೂ ಕಡೆ ಕ್ಯಾಮರಾಕ್ಕೆ ತೋರಿಸಿ. ಬರಹ ಏನೂ ಇಲ್ಲದಿದ್ದರೆ ಪ್ರಕರಣ ಇಲ್ಲಿಗೇ ಮುಗಿಯಿತು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇಷ್ಟೇ ತಾನೇ! "ಬಿಚ್ಚಿ ತೋರಸ್ರಿ ಅಕ್ಕಾವ್ರ, ಮುಗೀತು" ಎಂದೆ.

ಅವರು ಅಲುಗಾಡಲಿಲ್ಲ. ಎರಡೂ ಕೈಯಲ್ಲಿ ಎದೆಯ ಮೇಲಿನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ತಮ್ಮಾ, ನಾ ಒಲ್ಲೆ ಅಂತ ಹೇಳು."

"ಅಕ್ಕಾವ್ರ, ಸುಮ್ನ ಹಟಾ ಮಾಡಬ್ಯಾಡ್ರಿ. ಪೂಜಿ ಮಾಡೂಮುಂದ ಬಿಚ್ಚೂದಿಲ್ಲೇನ್ರಿ?"

"ಪೂಜಿಗೆ ಬಿಚ್ಚತೀನಿ. ಝಡತಿ ಕೊಡಾಕ, ಚೀಟಿ ಇಲ್ಲಂತ ತೋರಸಾಕ ಬಿಚ್ಚಿದ್ರ ಅದು ಚೀಟಿನ ಆಗತೈತಿ. ಇಷ್ಟ ವರ್ಷ ಕೊಳ್ಳಾಗ ಏನ್ ಕಟ್ಕೊಂಡಿದ್ದಿ ಅಂತ ನನ್ನ ಜೀವಾನ ನನ್ನ ಕೇಳತೈತಿ. ಒಲ್ಲೆ ತಮ್ಮಾ."

ನಾನು ಸಿಟ್ಟಾದೆ. ಆ ಕಡೆಯವರಿಗೆ ಕೇಳಬಾರದೆಂದು ಮ್ಯೂಟ್ ಮಾಡಿ, ಇಷ್ಟು ವರ್ಷದ ಓದು ಹೊಳೆಗೆ ಹಾಕುತ್ತೀರಿ, ರಾತ್ರಿ ಪಾಳಿ ಗತಿಯಾಗುತ್ತದೆ, ನನ್ನ ಹೆಸರೂ ಕೆಡುತ್ತದೆ ಎಂದು ಬಡಬಡಿಸಿದೆ. ಅವರು ಅಳುತ್ತಿದ್ದರು. "ನನಗ ಭಾಳ ಅಂಜಿಕಿ ಆಗೇತೋ ಯಪ್ಪಾ. ಸಿಟ್ಟ ಮಾಡಬ್ಯಾಡ. ನೀ ಒಲ್ಲೆ ಅಂದ್ಬಿಡು, ನನ್ನ ಬಾಯಿಂದ ಹೊರಡವಲ್ತು." ನಾನು ಮೈಕ್ ತೆರೆದು, ಅವರು ತೋರಿಸುವುದಿಲ್ಲ ಎಂದು ಹೇಳಿದೆ. ನಡುವಿನವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರಿಗೂ ಇದು ಬೇಡವಾಗಿತ್ತೆಂದು ಕಾಣುತ್ತದೆ. ಹಾಗಾದರೆ ಈ ಪೇಪರ್ ರದ್ದು, ಇನ್ನೊಂದು ಅವಕಾಶವಿದೆ, ಆಗಲೂ ಹೀಗಾದರೆ ಪದವಿ ಇಲ್ಲ ಎಂದರು.

ಆಸ್ಪತ್ರೆಯಲ್ಲಿ ಒಂದು ಪೇಪರ್ ಉಳಿಯಿತು ಎಂದಷ್ಟೇ ತಿಳಿಸಿದೆವು. ಆಡಳಿತದವರು ಮುಖ ಸೊಟ್ಟಗೆ ಮಾಡಿ, ಮರುಪರೀಕ್ಷೆಯವರೆಗೆ ಕಾಯುತ್ತೇವೆ, ಆಮೇಲೆ ಇಲ್ಲ ಎಂದರು. ಅಲ್ಲಿಂದ ಅಕ್ಕಾವ್ರ ಅಂಜಿಕೆಗೆ ಹೊಸ ರೂಪ ಬಂತು. ಪ್ರಶ್ನೆಗಳ ಚಿಂತೆ ಹೋಯಿತು, ತಮ್ಮ ಕೈಯದೇ ಚಿಂತೆ. ಅದು ಕೇಳಿ ಹೋಗುವ ಕೈಯಲ್ಲ. ಊಟಕ್ಕೆ ಕೂತಾಗ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ರೂಢಿ ಮಾಡಿ ನೋಡಿದರು. ಬಸ್ಸು ಜೋರಾಗಿ ಬ್ರೇಕ್ ಹಾಕಿದ್ದೇ ತಡ, ಕೈ ಎದೆಯ ಮೇಲೆ. ಅವರು ಗುಟ್ಟು ಹೇಳಿಕೊಂಡಿದ್ದ ಜೊತೆಯ ಸಿಸ್ಟರೊಬ್ಬರು, ಪರೀಕ್ಷೆಯ ಹೊತ್ತಿಗಷ್ಟೇ ತೆಗೆದು ದೇವರ ಜಗಲಿಯ ಮೇಲಿಡಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಕ್ಕಾವ್ರು ಎದ್ದು ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡರು. ಅವರವ್ವ ಚಿಕ್ಕಂದಿನಲ್ಲಿ ಹೇಳಿದ್ದರಂತೆ, ಲಿಂಗ ಮೈಯಿಂದ ಅಗಲಿದರೆ ಮೈಯೂ ಉಳಿಯಬಾರದು ಎಂದು. ಅದನ್ನು ನಾನು ನಂಬುವವನಲ್ಲ. ಆದರೆ ಅವರ ಅಂಜಿಕೆಯನ್ನು ನಂಬದೆ ಇರಲು ನನ್ನಿಂದಾಗಲಿಲ್ಲ.

ಮರುಪರೀಕ್ಷೆಯ ದಿನ ನಮ್ಮ ತಂದೆಯವರು ಮತ್ತೆ ಅಡುಗೆಮನೆಗೆ ಹೋದರು. ಅಕ್ಕಾವ್ರು ಬರುವಾಗಲೇ ಎರಡು ಸಲ ವಾಂತಿ ಮಾಡಿಕೊಂಡಿದ್ದರು. ಕಣ್ಣು ಒಳಗೆ ಹೋಗಿತ್ತು. ಹೆಂಡತಿ ನಿಂಬೆಹಣ್ಣಿನ ಶರಬತ್ತು ಕೊಟ್ಟರೆ ಕುಡಿಯದೆ ಪಕ್ಕಕ್ಕಿಟ್ಟರು. "ಇವತ್ತ ಬ್ಯಾಡ ಬಿಡ್ರಿ, ತಬ್ಯತ್ ಸರಿ ಇಲ್ಲ ಅಂತ ಬರದ ಕಳಸೂಣು" ಎಂದೆ. ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅವರನ್ನು ನೋಡಲಾಗಲಿಲ್ಲ. ಅವರು ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು.

ಈ ಸಲ ಬರೀ ಯಂತ್ರ ಕಾಯುತ್ತಿರಲಿಲ್ಲ. ಸಂಶಯಕ್ಕೆ ಸಿಕ್ಕವರಿಗೆ ಆ ಕಡೆ ಒಬ್ಬ ಮೇಲ್ವಿಚಾರಕಿಯನ್ನೂ ಕೂರಿಸಿದ್ದರು. ಇಯರ್‌ಫೋನು ಹಾಕುವಂತಿಲ್ಲವಾದ್ದರಿಂದ ಅವಳ ಮಾತು ಮುಚ್ಚಿದ ಬಾಗಿಲಿನ ಹೊರಗೆ ನಿಂತಿದ್ದ ನಮಗೂ ಕೇಳುತ್ತಿತ್ತು. ಹರೆಯದ ಹುಡುಗಿಯ ಧ್ವನಿ, ಹಿಂದಿ ಇಂಗ್ಲಿಷ್ ಬೆರಕೆ. ಕೋಣೆ ತೋರಿಸಿ ಎಂದಳು. ಕಿವಿ ತೋರಿಸಿ, ತೋಳು ಮೇಲೆ ಸರಿಸಿ, ಅಂಗೈ ತೋರಿಸಿ ಎಂದಳು. ಒಂದೊಂದಕ್ಕೂ ಅಕ್ಕಾವ್ರು "ಹೂಂನ್ರಿ" ಎನ್ನುವುದು ಕೇಳುತ್ತಿತ್ತು, ಪ್ರತಿ ಸಲ ಇನ್ನಷ್ಟು ಸಣ್ಣಗೆ. ಆಮೇಲೆ ಹುಡುಗಿ ಕೇಳಿದಳು, ಕೊರಳಲ್ಲಿ ದಾರ ಕಾಣುತ್ತಿದೆ, ಏನದು?

ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಬಾಗಿಲು ತೆರೆದು ಒಳಗೆ ಹೋಗಿ ಉತ್ತರ ಹೇಳಿಬಿಡೋಣ ಅನ್ನಿಸಿತು. ಒಳಗೆ ಎರಡನೆಯ ಮುಖ ಕಂಡರೆ ಎಲ್ಲವೂ ಅಲ್ಲಿಗೇ ಮುಗಿದ ಹಾಗೆ. ನಿಂತೇ ಇದ್ದೆ. ಅವರು ಅಳಲು ಶುರುಮಾಡುತ್ತಾರೆ, ಎದ್ದು ಬರುತ್ತಾರೆ ಎಂದು ನನಗೆ ಖಾತ್ರಿಯಿತ್ತು.

"ಲಿಂಗ ಐತ್ರಿ" ಎಂದರು. ಕುರ್ಚಿ ಮುಂದೆ ಸರಿಸಿದ ಸದ್ದು. ಆಮೇಲೆ ಆ ಹುಡುಗಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ, ಅಪ್ಪಟ ಕನ್ನಡದಲ್ಲಿ, ವಾರ್ಡಿನಲ್ಲಿ ಹೊಸ ರೋಗಿಗೆ ಹೇಳುವಷ್ಟು ಬಿಡಿಸಿ ಬಿಡಿಸಿ ಹೇಳಿದರು:

"ತಂಗಿ, ನಾ ಭಾಳ ಅಂಜಾಕಿ ಅದೀನಿ. ಅಂಜಿದಾಗ ನನ್ನ ಕೈ ಇಲ್ಲಿ ಹೋಗತೈತಿ. ಇವತ್ತೂ ಹೋಗತೈತಿ, ತಡಿಯಾಕ ನೋಡಿದೆ, ಆಗಲಿಲ್ಲ. ಬಿಚ್ಚಿ ತೋರಸೂದಿಲ್ಲ. ನೀ ಏನ್ ಬರಕೋತಿ, ಈಗ ಬರಕೋ."

ಹುಡುಗಿ ದಾರದ ಮಾತು ಮತ್ತೆ ಎತ್ತಲಿಲ್ಲ. ಪ್ರಶ್ನೆಪತ್ರಿಕೆ ತೆರೆಯುತ್ತಿದ್ದೇನೆ, ಶುರು ಮಾಡಿ ಎಂದಳು.